ಸತುವಿನ ಬಿಳಿ ಪುಡಿ ಹಳದಿಯಾದಾಗ

ಜಯನಗರ ನಾಲ್ಕನೇ ಬ್ಲಾಕಿನ ಯಾವ ಮೆಡಿಕಲ್ ಶಾಪಿಗೆ ಹೋಗಿ ಕೇಳಿದರೂ ಕ್ಯಾಲಮೈನ್ ಲೋಷನ್ ಸಿಗುತ್ತದೆ. ಬೆವರುಸಾಲೆಗೆ ಹಚ್ಚುವ ಆ ಗುಲಾಬಿ ದ್ರವದ ಮುಖ್ಯ ಸರಕು ಸತುವಿನ ಆಕ್ಸೈಡ್. ಗುಲಾಬಿ ಬಣ್ಣ ಅದರದ್ದಲ್ಲ, ಜೊತೆಗೆ ಬೆರೆಸಿದ ಚಿಟಿಕೆ ಕಬ್ಬಿಣದ ಆಕ್ಸೈಡಿನದು. ಸತುವಿನ ಆಕ್ಸೈಡ್ ಅಚ್ಚ ಬಿಳಿ. ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನಿನಲ್ಲೂ ಅದೇ ಇರುತ್ತದೆ. ಈ ಬಡಪಾಯಿ ಪುಡಿ ಒಂದು ಅರೆವಾಹಕ, ಅಂದರೆ ಸಿಲಿಕಾನ್ ಕುಲದ್ದು, ಎಂದರೆ ಅಂಗಡಿಯವರೂ ನಂಬಲಿಕ್ಕಿಲ್ಲ.

ಇದು ಬಿಳಿಯಾಗಿರುವುದಕ್ಕೂ ಅರೆವಾಹಕವಾಗಿರುವುದಕ್ಕೂ ನೇರ ಸಂಬಂಧವಿದೆ. ಅರೆವಾಹಕದಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಕೆಳಗಿನ ಶಕ್ತಿಮಟ್ಟಗಳ ಪಟ್ಟಿಯಲ್ಲಿರುತ್ತವೆ. ಅವು ವಿದ್ಯುತ್ ಹರಿಸಬೇಕಾದರೆ ಮೇಲಿನ ಪಟ್ಟಿಗೆ ಹತ್ತಬೇಕು. ನಡುವೆ ಎಲೆಕ್ಟ್ರಾನ್ ನಿಲ್ಲಲಾಗದ ಒಂದು ಖಾಲಿ ಜಾಗ ಇರುತ್ತದೆ, ಅದಕ್ಕೆ ಶಕ್ತಿ ಅಂತರ ಎನ್ನುತ್ತಾರೆ. ಸತುವಿನ ಆಕ್ಸೈಡಿನಲ್ಲಿ ಈ ಅಂತರ ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್. 1240 ಅನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ನ್ಯಾನೋಮೀಟರ್ ತರಂಗಾಂತರದವರೆಗಿನ ಬೆಳಕನ್ನು ಅದು ಹೀರಬಲ್ಲದು ಎಂಬುದು ಸಿಗುತ್ತದೆ. ಉತ್ತರ ಸುಮಾರು 375, ಅಂದರೆ ನೇರಳಾತೀತ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ಏನನ್ನೂ ಹೀರದೆ ಎಲ್ಲವನ್ನೂ ಚದುರಿಸುತ್ತದೆ. ಅದಕ್ಕೇ ಪುಡಿ ಬಿಳಿ, ಅದಕ್ಕೇ ಸನ್‌ಸ್ಕ್ರೀನಿಗೂ ಒಳ್ಳೆಯದು.

ಬಿಸಿಲಿನಿಂದ ಏನಾದರೂ ಕೆಲಸ ಮಾಡಿಸಿಕೊಳ್ಳಬೇಕು ಎನ್ನುವವರಿಗೆ ಇದೇ ತೊಡಕು. ನೆಲ ಮುಟ್ಟುವ ಸೂರ್ಯನ ಶಕ್ತಿಯಲ್ಲಿ ನೇರಳಾತೀತದ ಪಾಲು ಶೇಕಡ 5ರ ಆಸುಪಾಸು. ಉಳಿದದ್ದೆಲ್ಲ ಈ ಪುಡಿಯ ಪಾಲಿಗೆ ಇಲ್ಲದ ಲೆಕ್ಕ. ಅಂತರವನ್ನು ಕಿರಿದು ಮಾಡಬೇಕು. ಮಾಡುವುದು ಹೇಗೆ?

ಸತುವಿನ ಆಕ್ಸೈಡಿನಲ್ಲಿ ಎರಡು ಪಾತ್ರಧಾರಿಗಳಿದ್ದಾರೆ. ಎಲೆಕ್ಟ್ರಾನ್ ಕೊಟ್ಟು ಧನ ಅಯಾನಾದ ಸತು, ಅದನ್ನು ಪಡೆದು ಋಣ ಅಯಾನಾದ ಆಮ್ಲಜನಕ. ವಸ್ತುವಿನ ಗುಣ ಬದಲಿಸಬೇಕೆಂದರೆ ರಸಾಯನಶಾಸ್ತ್ರಜ್ಞರು ಬಹುಕಾಲ ಲೋಹದ ಕಡೆ ಕೈಹಾಕುತ್ತಿದ್ದರು: ಸತುವಿನ ಜಾಗದಲ್ಲಿ ಒಂದಿಷ್ಟು ಮೆಗ್ನೀಷಿಯಂ ಹಾಕು, ಒಂದಿಷ್ಟು ಕೋಬಾಲ್ಟ್ ಹಾಕು. ಆಮ್ಲಜನಕವನ್ನು ಅದರ ಪಾಡಿಗೆ ಬಿಡುತ್ತಿದ್ದರು. ಒಂದೇ ಹರಳಿನಲ್ಲಿ ಎರಡು ಬಗೆಯ ಋಣ ಅಯಾನುಗಳನ್ನು ಕೂರಿಸಿದರೆ ಅದು ಮಿಶ್ರ ಋಣ ಅಯಾನು ಅರೆವಾಹಕ: ಆಮ್ಲಜನಕದ ಜೊತೆ ಸಾರಜನಕ, ಆಮ್ಲಜನಕದ ಜೊತೆ ಗಂಧಕ, ಅಯೋಡಿನ್ ಜೊತೆ ಬ್ರೋಮಿನ್, ಹೀಗೆ.

ಕೆಳಗಿನ ಪಟ್ಟಿಯ ಮೇಲಂಚು ಎಲ್ಲಿದೆ ಎಂಬುದನ್ನು ಇಂಥ ವಸ್ತುಗಳಲ್ಲಿ ಬಹುಮಟ್ಟಿಗೆ ನಿರ್ಧರಿಸುವುದು ಋಣ ಅಯಾನೇ. ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದಿಡುವ ಶಕ್ತಿ ಫ್ಲೋರಿನ್‌ಗೆ ಎಲ್ಲಕ್ಕಿಂತ ಹೆಚ್ಚು. ಪೌಲಿಂಗ್ ಮಾಪಕದಲ್ಲಿ 3.98. ಆಮ್ಲಜನಕಕ್ಕೆ 3.44, ಸಾರಜನಕಕ್ಕೆ 3.04, ಗಂಧಕಕ್ಕೆ 2.58. ಹಿಡಿತ ಸಡಿಲವಾದಷ್ಟೂ ಎಲೆಕ್ಟ್ರಾನುಗಳು ಮೇಲಿನ ಮಟ್ಟದಲ್ಲಿರುತ್ತವೆ. ಜಯನಗರದ ಹಳೆಯ ಅಡ್ಡರಸ್ತೆಗಳಲ್ಲಿ ಮನೆ ಕಟ್ಟಿಸಿದವರನ್ನು ಕೇಳಿ. ಒಂದು ಕಾಲಕ್ಕೆ ರಸ್ತೆಯಿಂದ ಜಗಲಿಗೆ ನಾಲ್ಕು ಮೆಟ್ಟಿಲು ಹತ್ತಬೇಕಿತ್ತು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಏರಿತು, ಈಗ ಎರಡೇ ಮೆಟ್ಟಿಲು. ಜಗಲಿ ಇದ್ದಲ್ಲೇ ಇದೆ. ಆಮ್ಲಜನಕದ ಜಾಗಕ್ಕೆ ಸಾರಜನಕ ಬಂದಾಗ ಆಗುವುದು ಇದೇ: ಕೆಳಗಿನ ಪಟ್ಟಿ ಮೇಲೇರುತ್ತದೆ, ಮೇಲಿನದು ಹೆಚ್ಚು ಕದಲುವುದಿಲ್ಲ, ಹತ್ತಬೇಕಾದ ಎತ್ತರ ಕಡಿಮೆಯಾಗುತ್ತದೆ. ಆಗ ನೀಲಿ ಬೆಳಕಿಗೂ ಎಲೆಕ್ಟ್ರಾನನ್ನು ಮೇಲಕ್ಕೆ ತಳ್ಳುವ ತಾಕತ್ತು ಬರುತ್ತದೆ. ನೀಲಿಯನ್ನು ಹೀರಿದ ಪುಡಿ ನಮ್ಮ ಕಣ್ಣಿಗೆ ಹಳದಿ.

ಆದರೆ ಲೆಕ್ಕದಲ್ಲಿ ಒಂದು ಎಡವಟ್ಟಿದೆ. ಆಮ್ಲಜನಕದ ಅಯಾನಿನ ಋಣ ಆವೇಶ 2, ಸಾರಜನಕದ್ದು 3. ಒಂದರ ಜಾಗದಲ್ಲಿ ಇನ್ನೊಂದನ್ನು ಸುಮ್ಮನೆ ಕೂರಿಸಿದರೆ ಜಮಾ ಖರ್ಚು ಹೊಂದುವುದಿಲ್ಲ. ಹರಳು ಆ ವ್ಯತ್ಯಾಸವನ್ನು ಸರಿದೂಗಿಸಲು ಅಲ್ಲಲ್ಲಿ ಒಂದೊಂದು ಆಮ್ಲಜನಕವನ್ನು ಕಳೆದುಕೊಳ್ಳುತ್ತದೆ. ಆ ಖಾಲಿ ಜಾಗಗಳು ಎಲೆಕ್ಟ್ರಾನುಗಳನ್ನು ಹಿಡಿದು ನುಂಗುವ ಗುಂಡಿಗಳಾಗುತ್ತವೆ. 2001ರಲ್ಲಿ ಜಪಾನಿನ ಟೊಯೋಟಾ ಸಂಶೋಧನಾಲಯದ ಅಸಾಹಿ ಮತ್ತು ಸಂಗಡಿಗರು ಟೈಟಾನಿಯಂ ಡೈಆಕ್ಸೈಡಿಗೆ ಸಾರಜನಕ ಸೇರಿಸಿ ಅದು ಕಾಣುವ ಬೆಳಕಿನಲ್ಲೂ ಕೆಲಸ ಮಾಡುವಂತೆ ಮಾಡಿದಾಗ ಜಗತ್ತೆಲ್ಲ ಅದರ ಬೆನ್ನು ಹತ್ತಿತು. ಆದರೆ ಸಾರಜನಕವೊಂದನ್ನೇ ತುರುಕಿದರೆ ಹೆಚ್ಚು ಹಿಡಿಸುವುದಿಲ್ಲ ಎಂಬುದೂ ಬೇಗ ತಿಳಿಯಿತು.

ಇದಕ್ಕೊಂದು ಅಂದವಾದ ಪರಿಹಾರವನ್ನು ಪಟ್ಟಾಗಿ ಹಿಡಿದು ಕೊನೆಯವರೆಗೂ ಒಯ್ದವರು ನಮ್ಮ ಬಸವನಗುಡಿಯವರು. 1934ರ ಜೂನ್ 30ರಂದು ಅಲ್ಲಿ ಹುಟ್ಟಿ, ಅಲ್ಲೇ ಆಚಾರ್ಯ ಪಾಠಶಾಲೆಯಲ್ಲಿ ಓದಿದ ಸಿ.ಎನ್.ಆರ್. ರಾವ್. ಭಾರತ ರತ್ನ ಬಂದಾಗ ಪತ್ರಿಕೆಗಳು ಅವರ ಪ್ರಬಂಧಗಳ ಸಂಖ್ಯೆಯನ್ನು ಎಣಿಸಿದಷ್ಟು ಉತ್ಸಾಹದಿಂದ ಅವುಗಳ ಒಳಗೇನಿದೆ ಎಂದು ನೋಡಲಿಲ್ಲ. ಆ ಹೊತ್ತಿನಲ್ಲೇ, ಎಂಬತ್ತರ ಹೊಸ್ತಿಲಲ್ಲಿ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅವರ ತಂಡ ಈ ಋಣ ಅಯಾನುಗಳ ಅದಲುಬದಲಿನಲ್ಲಿ ತೊಡಗಿತ್ತು. ಲೆಕ್ಕಾಚಾರದ ಭಾಗ ಅದೇ ಕೇಂದ್ರದ ಉಮೇಶ್ ವಾಘ್ಮಾರೆ ಅವರ ಗುಂಪಿನದು.

ಉಪಾಯ ಇಷ್ಟೇ. ಸಾರಜನಕದ ಆವೇಶ 3, ಫ್ಲೋರಿನ್ನಿನದು 1. ಎರಡನ್ನೂ ಒಟ್ಟಿಗೆ ಸೇರಿಸಿದರೆ 4, ಅದು ಎರಡು ಆಮ್ಲಜನಕಗಳಿಗೆ ಸರಿಸಮ. ಒಂದು ಸಾರಜನಕಕ್ಕೆ ಒಂದು ಫ್ಲೋರಿನ್ ಜೋಡಿಸಿ ಒಳಗೆ ಬಿಟ್ಟರೆ ಹರಳಿನ ಲೆಕ್ಕ ಕೆಡುವುದಿಲ್ಲ, ಗುಂಡಿಗಳೂ ಕಡಿಮೆ. ಹೀಗೆ ಸ್ವಲ್ಪ ಸ್ವಲ್ಪ ಬದಲಿಸುತ್ತಾ ಹೋದವರು 2016ರಲ್ಲಿ ಆಮ್ಲಜನಕವನ್ನು ಪೂರಾ ಹೊರಗಟ್ಟಿದ ಸಂಯುಕ್ತವನ್ನೇ ಪ್ರಕಟಿಸಿದರು: ಎರಡು ಸತುವಿಗೆ ಒಂದು ಸಾರಜನಕ, ಒಂದು ಫ್ಲೋರಿನ್. ಹೆಸರು ಸತುವಿನ ನೈಟ್ರೈಡ್ ಫ್ಲೋರೈಡ್. ಅದರ ಶಕ್ತಿ ಅಂತರ 2.8 ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು. 1240 ಅನ್ನು ಭಾಗಿಸಿ ನೋಡಿ, ನೇರಳಾತೀತ ದಾಟಿ ನೀಲಿಯ ಅಂಚಿಗೆ ಬಂದಿರುತ್ತೀರಿ. ಅದೇ ಸರಣಿಯಲ್ಲಿ ಕ್ಯಾಡ್ಮಿಯಂ ಸಲ್ಫೈಡಿನ ಗಂಧಕವನ್ನು ತೆಗೆದು ರಂಜಕ ಮತ್ತು ಕ್ಲೋರಿನ್ ಜೋಡಿಯನ್ನು ತಂದರು. ಆ ವಸ್ತುವನ್ನು ಬೆಳಕಿನಲ್ಲಿ ನೀರಿನಿಂದ ಜಲಜನಕ ತೆಗೆಯುವ ಪರೀಕ್ಷೆಗೂ ಒಡ್ಡಿದರು.

ಇಂಥ ವಸ್ತುವನ್ನು ಮಾಡುವುದು ಹೇಗೆ ಎಂಬುದನ್ನು ಪತ್ರಿಕೆಗಳು ಬರೆಯುವುದೇ ಇಲ್ಲ. ನನಗೆ ಅದೇ ಹೆಚ್ಚು ರುಚಿಯ ಭಾಗ. ಉದ್ದನೆಯ ಕೊಳವೆಯಂಥ ಕುಲುಮೆಯಲ್ಲಿ ಪುಡಿಯನ್ನಿಟ್ಟು, ಒಂದು ತುದಿಯಿಂದ ಅಮೋನಿಯಾ ಅನಿಲ ಹಾಯಿಸುತ್ತಾ ಗಂಟೆಗಟ್ಟಲೆ ಕಾಯಿಸುತ್ತಾರೆ. ಅಮೋನಿಯಾದ ಸಾರಜನಕ ಒಳಹೊಕ್ಕು ಆಮ್ಲಜನಕವನ್ನೋ ಫ್ಲೋರಿನ್ನಿನ ಒಂದು ಪಾಲನ್ನೋ ಹೊರಗೆ ಕಳಿಸುತ್ತದೆ. ಬಿಸಿ ಸಾಲದಿದ್ದರೆ ಕ್ರಿಯೆ ನಡೆಯುವುದಿಲ್ಲ, ಹೆಚ್ಚಾದರೆ ಸಾರಜನಕವೇ ಅನಿಲವಾಗಿ ಹಾರಿಹೋಗುತ್ತದೆ. ಕೊಳವೆಯಲ್ಲಿ ಎಲ್ಲೋ ಒಂದಿಷ್ಟು ತೇವ ಉಳಿದಿದ್ದರೆ ಆಮ್ಲಜನಕ ಹಿಂಬಾಗಿಲಿನಿಂದ ವಾಪಸು ಬರುತ್ತದೆ. ಪ್ರಕೃತಿಗೆ ಆಕ್ಸೈಡ್ ಎಂದರೆ ಪ್ರೀತಿ, ಮಿಕ್ಕಿದ್ದನ್ನೆಲ್ಲ ಬಲವಂತದಿಂದ ಮಾಡಿಸಬೇಕು.

ಆಯಿತು, ಪುಡಿ ಬಂತು. ಅದರೊಳಗೆ ಯಾವ ಜಾಗದಲ್ಲಿ ಯಾರಿದ್ದಾರೆ ಎಂದು ತಿಳಿಯುವುದು ಹೇಗೆ? ಹರಳಿನ ರಚನೆ ತಿಳಿಯಲು ಎಲ್ಲರೂ ಬಳಸುವುದು ಎಕ್ಸ್‌-ರೇ. ಎಕ್ಸ್‌-ರೇ ಗುರುತಿಸುವುದು ಎಲೆಕ್ಟ್ರಾನುಗಳನ್ನು. ಆಮ್ಲಜನಕದ ಅಯಾನು, ಸಾರಜನಕದ ಅಯಾನು, ಫ್ಲೋರಿನ್ ಅಯಾನು, ಮೂರರಲ್ಲೂ ಇರುವುದು ತಲಾ 10 ಎಲೆಕ್ಟ್ರಾನ್. ಮೂವರೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತಾರೆ. ಆಗ ನ್ಯೂಟ್ರಾನ್ ಕಿರಣಗಳ ಮೊರೆ ಹೋಗಬೇಕು. ನ್ಯೂಟ್ರಾನನ್ನು ಚದುರಿಸುವುದರಲ್ಲಿ ಸಾರಜನಕ ಆಮ್ಲಜನಕಕ್ಕಿಂತ ಗಟ್ಟಿಗ. ಆದರೆ ಆಮ್ಲಜನಕಕ್ಕೂ ಫ್ಲೋರಿನ್ನಿಗೂ ಅಲ್ಲೂ ಅಂಥ ವ್ಯತ್ಯಾಸವಿಲ್ಲ. ನ್ಯೂಟ್ರಾನ್ ಕಿರಣ ಬೇಕೆಂದರೆ ಅಣು ರಿಯಾಕ್ಟರ್ ಇರುವಲ್ಲಿಗೆ, ಅಂದರೆ ಟ್ರಾಂಬೆಯಂಥ ಕಡೆಗೆ ಹೋಗಬೇಕು. ಕಂಪ್ಯೂಟರ್ ಲೆಕ್ಕಾಚಾರಕ್ಕೆ ಈ ಕ್ಷೇತ್ರದಲ್ಲಿ ಅಷ್ಟು ಬೆಲೆ ಇರುವುದು ಇದಕ್ಕೇ: ಯಾರು ಎಲ್ಲಿ ಕೂತರೆ ಹರಳಿಗೆ ನೆಮ್ಮದಿ ಎಂಬುದನ್ನು ಅದು ಮೊದಲೇ ಸೂಚಿಸುತ್ತದೆ.

ಇಷ್ಟು ಕೇಳಿದವರು ಇದೆಲ್ಲ ಪ್ರಯೋಗಾಲಯದ ಕಸರತ್ತು ಎಂದುಕೊಳ್ಳಬಹುದು. ಹಾಗಲ್ಲ. ಚಿತ್ರಕಲಾವಿದರು ಬಳಸುವ ಕ್ಯಾಡ್ಮಿಯಂ ಕೆಂಪು ಬಣ್ಣದ ಟ್ಯೂಬಿನೊಳಗೆ ಇರುವುದು ಮಿಶ್ರ ಋಣ ಅಯಾನು ಅರೆವಾಹಕವೇ. ಕ್ಯಾಡ್ಮಿಯಂ ಸಲ್ಫೈಡ್ ಹಳದಿ. ಅದರ ಗಂಧಕದ ಜಾಗಕ್ಕೆ ಸೆಲೆನಿಯಂ ಬರುತ್ತಾ ಹೋದಂತೆ ಕಿತ್ತಳೆ, ಕೆಂಪು, ಕಡೆಗೆ ಕಡುಗೆಂಪು. ಟ್ಯೂಬಿನ ಮೇಲೆ ಹೆಸರಿನ ಜೊತೆ ‘ಹ್ಯೂ’ ಎಂದು ಅಚ್ಚಾಗಿದ್ದರೆ ಒಳಗಿರುವುದು ಅಸಲಿ ಕ್ಯಾಡ್ಮಿಯಂ ಅಲ್ಲ, ಅದನ್ನು ಹೋಲುವ ಬೇರೆ ಬಣ್ಣ. ಮಕ್ಕಳಿಗೆ ಕೊಳ್ಳುವವರಿಗೆ ಅದೇ ಕ್ಷೇಮ, ಕ್ಯಾಡ್ಮಿಯಂ ವಿಷ. ಅದಕ್ಕೆ ಬದಲಿಯಾಗಿ 2000ದಲ್ಲಿ ಯಾನ್ಸೆನ್ ಮತ್ತು ಲೆಚೆರ್ಟ್ ಎಂಬಿಬ್ಬರು ಜರ್ಮನರು ಕ್ಯಾಲ್ಸಿಯಂ, ಲ್ಯಾಂಥನಂ, ಟ್ಯಾಂಟಲಂಗಳ ಆಕ್ಸಿನೈಟ್ರೈಡ್ ಬಣ್ಣಗಳನ್ನು ಮಾಡಿ ತೋರಿಸಿದರು. ಆಮ್ಲಜನಕ ಮತ್ತು ಸಾರಜನಕದ ಪ್ರಮಾಣ ತಿರುವಿದರೆ ಸಾಕು, ಹಳದಿಯಿಂದ ಕಡುಗೆಂಪಿನವರೆಗೆ ಬೇಕಾದ ಛಾಯೆ. ಟ್ಯಾಂಟಲಂ ದುಬಾರಿ, ಹೀಗಾಗಿ ಅದು ಪೇಂಟ್ ಅಂಗಡಿಯ ಸಾಮಾನ್ಯ ಸರಕಾಗಲಿಲ್ಲ.

1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ನಿಕ್ ಹೊಲೊನ್ಯಾಕ್ ಉರಿಸಿದ ಕೆಂಪು ಎಲ್‌ಇಡಿಯೂ ಇದೇ ಜಾತಿ. ಗ್ಯಾಲಿಯಂ ಆರ್ಸೆನೈಡಿನ ಅಂತರ 1.42, ಅದರ ಬೆಳಕು ಅವಕೆಂಪು, ಕಾಣುವುದಿಲ್ಲ. ಆರ್ಸೆನಿಕ್ ಜಾಗದಲ್ಲಿ ಸುಮಾರು ಶೇಕಡ 40 ರಂಜಕ ಹಾಕಿದರೆ ಅಂತರ 1.9ಕ್ಕೆ ಏರಿ ಕೆಂಪು ಬೆಳಕು ಬರುತ್ತದೆ. ಇಲ್ಲಿ ಕೆಲಸ ಉಲ್ಟಾ, ಅಂತರವನ್ನು ಹಿಗ್ಗಿಸಿದ್ದು. ಹಳೆಯ ಸ್ಟೆಬಿಲೈಸರುಗಳ ಕೆಂಪು ಚುಕ್ಕೆ ದೀಪ ಈ ವಂಶದ್ದು. ಬಿಟಿಎಂ ಲೇಔಟಿನ ಮರಗಳಿಗೆ ಜೋತುಬಿದ್ದ ಫೈಬರ್ ಕೇಬಲ್ಲುಗಳನ್ನು ಎಲ್ಲರೂ ಬೈಯುತ್ತಾರೆ. ಆ ಕೇಬಲ್ಲಿನ ತುದಿಯಲ್ಲಿರುವ ನಿಮ್ಮ ಮನೆಯ ಇಂಟರ್‌ನೆಟ್ ಪೆಟ್ಟಿಗೆ ಸಂದೇಶ ಕಳಿಸುವುದು 1310 ನ್ಯಾನೋಮೀಟರ್ ಲೇಸರಿನಿಂದ. ಈ ತರಂಗಾಂತರದ ಲೇಸರುಗಳಿಗೆಂದೇ ಬೆಳೆದುಬಂದ ವಸ್ತು ಇಂಡಿಯಂ, ಗ್ಯಾಲಿಯಂ, ಆರ್ಸೆನಿಕ್, ರಂಜಕ ನಾಲ್ಕೂ ಕೂಡಿದ್ದು. ಎರಡು ಲೋಹ, ಎರಡು ಋಣ ಅಯಾನು. ಎರಡೂ ಕಡೆ ತಿರುಗಿಸಲು ಅವಕಾಶ ಇರುವುದರಿಂದ ಕೆಳಗಿನ ತಳಹರಳಿನ ಅಳತೆಗೆ ಹೊಂದಿಕೊಂಡೇ ಬಣ್ಣ ಬದಲಿಸಬಹುದು.

ಈ ಹಳೆಯ ಜೋಡಿಗಳಲ್ಲಿ ಗಂಧಕ ಮತ್ತು ಸೆಲೆನಿಯಂ, ಆರ್ಸೆನಿಕ್ ಮತ್ತು ರಂಜಕ ಒಂದೇ ಮನೆತನದವರು, ಆವೇಶವೂ ಒಂದೇ. ಈಗ ಪ್ರಯೋಗದಲ್ಲಿರುವುದು ಬೇರೆ ಬೇರೆ ಮನೆತನದವರ ಮದುವೆ. ಅದರಿಂದ ಬರುವ ಫಲ ಕೆಲವೊಮ್ಮೆ ಯಾರೂ ನಿರೀಕ್ಷಿಸದ್ದು. ಗ್ಯಾಲಿಯಂ ನೈಟ್ರೈಡಿನ ಪುಡಿಗೂ ಸತುವಿನ ಆಕ್ಸೈಡಿನ ಪುಡಿಗೂ ಹೇಳಿಕೊಳ್ಳುವ ಬಣ್ಣವಿಲ್ಲ. 2005ರಲ್ಲಿ ಜಪಾನಿನ ಕಜುನಾರಿ ದೋಮೆನ್ ತಂಡ ಇವೆರಡನ್ನೂ ಒಂದೇ ಹರಳಾಗಿ ಬೆಸೆದಾಗ ಬಂದದ್ದು ಹಳದಿ ಪುಡಿ. ಅದು ಕಾಣುವ ಬೆಳಕಿನಲ್ಲೇ ನೀರನ್ನು ಜಲಜನಕ ಮತ್ತು ಆಮ್ಲಜನಕವಾಗಿ ಒಡೆಯಿತು. ಅದೇ ತಂಡ 2019ರಲ್ಲಿ ಯಿಟ್ರಿಯಂ ಮತ್ತು ಟೈಟಾನಿಯಂಗಳ ಆಕ್ಸಿಸಲ್ಫೈಡಿನಿಂದ, ಸುಮಾರು 640 ನ್ಯಾನೋಮೀಟರಿನವರೆಗಿನ ಬೆಳಕು ಹೀರುವ ವಸ್ತುವಿನಿಂದ, ಅದೇ ಕೆಲಸ ಮಾಡಿಸಿತು.

ಆದರೆ 2021ರಲ್ಲಿ ಆ ತಂಡವೇ 100 ಚದರ ಮೀಟರ್ ವಿಸ್ತಾರದ ಫಲಕ ಹಾಸಿ ಬಯಲಿನಲ್ಲಿ ಜಲಜನಕ ತೆಗೆದು ತೋರಿಸಿದಾಗ ಬಳಸಿದ್ದು ಮಿಶ್ರ ವಸ್ತುವನ್ನಲ್ಲ. ಹಳೆಯ ಸ್ಟ್ರಾನ್ಷಿಯಂ ಟೈಟನೇಟ್, ಬರೀ ಆಕ್ಸೈಡ್, ನೇರಳಾತೀತವನ್ನಷ್ಟೇ ಹೀರುವಂಥದ್ದು. ಬಿಸಿಲನ್ನು ಜಲಜನಕವಾಗಿಸಿದ ದಕ್ಷತೆ ಹೆಚ್ಚೆಂದರೆ ಶೇಕಡ 0.76. ಇದು ನನಗೆ ಈ ಇಡೀ ಕ್ಷೇತ್ರದ ಅತಿ ಪ್ರಾಮಾಣಿಕ ಅಂಕಿ ಅನ್ನಿಸುತ್ತದೆ. ಬಣ್ಣವಿಲ್ಲದಿದ್ದರೂ ಬಾಳಿಕೆ ಬರುವುದನ್ನು ಅವರು ಆರಿಸಿಕೊಂಡರು. ಕೆಳಗಿನ ಪಟ್ಟಿಯನ್ನು ಮೇಲಕ್ಕೆತ್ತಿದ ಸಾರಜನಕ, ಗಂಧಕಗಳೇ ಬಿಸಿಲಲ್ಲಿ ಮೊದಲು ಬಲಿಯಾಗುವವು. ಬೆಳಕು ಬಿದ್ದು ಎಲೆಕ್ಟ್ರಾನ್ ಮೇಲೆ ಹೋದಾಗ ಕೆಳಗೆ ಉಳಿಯುವ ರಂಧ್ರ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಬೇಕು. ಅದರ ಬದಲು ಹತ್ತಿರದಲ್ಲೇ ಇರುವ ಗಂಧಕದಿಂದ ಕಿತ್ತುಕೊಂಡರೆ ವಸ್ತು ತನ್ನನ್ನೇ ತಾನು ತಿಂದುಕೊಳ್ಳುತ್ತದೆ. ಯಾವ ಗುಣಕ್ಕಾಗಿ ಅದನ್ನು ಒಳಗೆ ತಂದಿದ್ದೋ ಅದೇ ಗುಣ ಅದಕ್ಕೆ ಮುಳುವು.

ಬೇರೆ ಉಪಯೋಗಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬಿಸ್ಮತ್, ತಾಮ್ರ, ಸೆಲೆನಿಯಂ, ಆಮ್ಲಜನಕದ ಒಂದು ಪದರುಪದರಾದ ವಸ್ತುವಿದೆ. ಸೆಲೆನೈಡ್ ಪದರ ವಿದ್ಯುತ್ ಹರಿಸುತ್ತದೆ, ಆಕ್ಸೈಡ್ ಪದರ ಹರಿಸುವುದಿಲ್ಲ, ಇಡೀ ಹರಳು ಶಾಖಕ್ಕೆ ಹಾದಿ ಕೊಡುವುದಿಲ್ಲ. ಪೋಲಾಗುವ ಬಿಸಿಯನ್ನು ವಿದ್ಯುತ್ತಾಗಿಸಲು ಇಂಥದ್ದೇ ಬೇಕು. ಇದೇ ಬಗೆಯ ರಚನೆಯಿರುವ ಲ್ಯಾಂಥನಂ, ಕಬ್ಬಿಣ, ಆಮ್ಲಜನಕ, ಆರ್ಸೆನಿಕ್‌ಗಳ ವಸ್ತುವಿನಲ್ಲಿ ಆಮ್ಲಜನಕದ ಜಾಗಕ್ಕೆ ಸ್ವಲ್ಪ ಫ್ಲೋರಿನ್ ಹಾಕಿ ಹಿದೆಯೊ ಹೊಸೊನೊ 2008ರಲ್ಲಿ 26 ಕೆಲ್ವಿನ್‌ನಲ್ಲಿ ಅತಿವಾಹಕತೆ ಕಂಡರು. ಅದು ಇನ್ನೊಂದು ಲೇಖನದ ಕಥೆ. ಸತುವಿನ ಆಕ್ಸಿನೈಟ್ರೈಡಿನಲ್ಲಿ ಎಲೆಕ್ಟ್ರಾನುಗಳು ಚುರುಕಾಗಿ ಓಡುವುದರಿಂದ ಟಿವಿ ಪರದೆಯ ಟ್ರಾನ್ಸಿಸ್ಟರಿಗೆ ಅದನ್ನು ಪ್ರಯತ್ನಿಸಿದ್ದಾರೆ. ಗಾಳಿ ತಾಕಿದರೆ ಅದರ ಸಾರಜನಕ ಜಾಗ ಬಿಡುತ್ತದೆ, ಅದೇ ರಗಳೆ.

ಇನ್ನು ಜೆ.ಪಿ. ನಗರ, ಬನಶಂಕರಿಯ ತಾರಸಿಗಳಿಗೆ ಬರೋಣ. ಸೌರ ಫಲಕ ಹಾಕಿಸಲು ಹೊರಟವರು ಕೇಳುವುದುಂಟು: ಪೆರೊವ್‌ಸ್ಕೈಟ್ ಎಂಬ ಹೊಸದು ಬರುತ್ತಿದೆಯಂತೆ, ಕಾಯೋಣವೇ? ಸಿಲಿಕಾನಿನ ಮೇಲೆ ಕೂರಿಸುವ ಆ ಪದರ ಸಾಮಾನ್ಯವಾಗಿ ಮಿಶ್ರ ಋಣ ಅಯಾನಿನದೇ, ಅಯೋಡಿನ್ ಮತ್ತು ಬ್ರೋಮಿನ್. ಅಯೋಡಿನ್ ಮಾತ್ರ ಇದ್ದರೆ ಅಂತರ 1.6ರ ಹತ್ತಿರ, ಬ್ರೋಮಿನ್ ಮಾತ್ರ ಇದ್ದರೆ 2.3. ಸಿಲಿಕಾನಿನ ಜೊತೆಗಾರಿಕೆಗೆ ಬೇಕಾದದ್ದು 1.7ರ ಆಸುಪಾಸು. ಹೀಗೆ ಜೋಡಿಸಿದ ಕೋಶದ ದಕ್ಷತೆ ಪ್ರಯೋಗಾಲಯದಲ್ಲಿ ಶೇಕಡ 34 ದಾಟಿದೆ. ಆದರೆ 2015ರಲ್ಲಿ ಸ್ಟ್ಯಾನ್‌ಫರ್ಡಿನ ಎರಿಕ್ ಹೋಕ್ ಮತ್ತು ಸಂಗಡಿಗರು ಒಂದು ವಿಚಿತ್ರ ಕಂಡರು. ಬೆಳಕು ಬಿದ್ದ ಕೆಲವೇ ಕ್ಷಣಗಳಲ್ಲಿ ಅಯೋಡಿನ್ ಒಂದು ಕಡೆ, ಬ್ರೋಮಿನ್ ಒಂದು ಕಡೆ ಗುಂಪು ಕಟ್ಟತೊಡಗಿದವು. ಕತ್ತಲಲ್ಲಿಟ್ಟರೆ ಮತ್ತೆ ಬೆರೆತವು. ಬಿಸಿಲಿಗೆಂದೇ ಮಾಡಿದ ವಸ್ತು ಬಿಸಿಲಲ್ಲೇ ಬೇರ್ಪಟ್ಟರೆ ಹೇಗೆ? ಬ್ರೋಮಿನ್ ಕಡಿಮೆ ಮಾಡಿ, ಸೀಸಿಯಂನಂಥ ಲೋಹ ಸೇರಿಸಿ ಇದನ್ನು ಸಾಕಷ್ಟು ಹತೋಟಿಗೆ ತಂದಿದ್ದಾರೆ. 2024ರಲ್ಲಿ ಆಕ್ಸ್‌ಫರ್ಡ್ ಪಿವಿ ಕಂಪನಿ ಇಂಥ ಫಲಕಗಳ ಮೊದಲ ಕಂತನ್ನು ವ್ಯಾಪಾರಕ್ಕೆ ಕಳಿಸಿತು. ಆದರೂ ತಾರಸಿಯ ಫಲಕ 25 ವರ್ಷ ಬಾಳಬೇಕು. ಇಷ್ಟು ಎಳೆಯ ವಸ್ತುವಿಗೆ ಆ ಚರಿತ್ರೆ ಇರುವುದು ಸಾಧ್ಯವಿಲ್ಲ. ನನ್ನ ಅಭಿಪ್ರಾಯ ಸರಳ: ಕಾಯಬೇಡಿ. ಸಿಲಿಕಾನ್ ಹಾಕಿಸಿ. 3 ಕಿಲೋವ್ಯಾಟಿಗೆ 78,000 ರೂಪಾಯಿಯ ಕೇಂದ್ರ ಸಹಾಯಧನ, 2024ರಲ್ಲಿ ಆರಂಭವಾದ ಸೂರ್ಯಘರ್ ಯೋಜನೆಯದು, ಇದಕ್ಕೇ ಇರುವಂಥದ್ದು.

ನೋಡಬೇಕೆನ್ನುವವರಿಗೆ, ಬಿಸಿಲಲ್ಲಿ ನಿಂತು ಗೆದ್ದ ಮಿಶ್ರ ಋಣ ಅಯಾನು ವಸ್ತುವೊಂದು ಚೆನ್ನೈ ಹೆದ್ದಾರಿಯ ಬದಿಯಲ್ಲೇ ತಯಾರಾಗುತ್ತಿದೆ. ಶ್ರೀಪೆರುಂಬುದೂರಿನ ಹತ್ತಿರ 2024ರ ಜನವರಿಯಲ್ಲಿ ಉದ್ಘಾಟನೆಯಾದ ಫಸ್ಟ್ ಸೋಲಾರ್ ಕಾರ್ಖಾನೆಯದು ಕ್ಯಾಡ್ಮಿಯಂ ಟೆಲ್ಯುರೈಡ್ ಫಲಕ. ಈ ಬಗೆಯ ಕೋಶಗಳಲ್ಲಿ ಬೆಳಕು ಹೊಗುವ ಕಡೆ ಟೆಲ್ಯೂರಿಯಂ ಜಾಗದಲ್ಲಿ ಸ್ವಲ್ಪ ಸೆಲೆನಿಯಂ ಸೇರಿಸುತ್ತಾರೆ. ಟೆಲ್ಯುರೈಡಿನ ಅಂತರ 1.5, ಸೆಲೆನೈಡಿನದು 1.7. ಬೆರೆಸಿದರೆ ನಡುವೆ ಎಲ್ಲೋ ಬರಬೇಕಲ್ಲ? ಬರುವುದು 1.4, ಎರಡಕ್ಕಿಂತಲೂ ಕೆಳಗೆ. ಹೆಚ್ಚು ಕೆಂಪು ಬೆಳಕು ಹೀರುತ್ತದೆ ಎಂಬುದು ಒಂದು ಲಾಭ. ಸೆಲೆನಿಯಂ ಹರಳಿನ ಹುಳುಕುಗಳನ್ನು ನಿಷ್ಕ್ರಿಯಗೊಳಿಸುತ್ತದೆ, ಎಲೆಕ್ಟ್ರಾನುಗಳು ಹೆಚ್ಚು ಹೊತ್ತು ಬದುಕುತ್ತವೆ ಎಂಬ ಇನ್ನೊಂದು ಲಾಭ 2019ರ ಹೊತ್ತಿಗೆ ಸ್ಪಷ್ಟವಾಯಿತು. ಈ ಫಲಕಗಳು ಹೆಚ್ಚಾಗಿ ಹೋಗುವುದು ದೊಡ್ಡ ಸೌರ ಪಾರ್ಕುಗಳಿಗೆ, ಮನೆಯ ತಾರಸಿಗಲ್ಲ.

ಕೈಯಾರೆ ಮಾಡಿ ನೋಡುವ ಆಸೆಯಿದ್ದವರಿಗೆ ಅಮೋನಿಯಾ ಕುಲುಮೆಯೂ ಬೇಡ, ಕ್ಯಾಡ್ಮಿಯಮ್ಮೂ ಬೇಡ. ಬಿಸ್ಮತ್ ಸಾಕು. ಬಿಸ್ಮತ್ ಆಕ್ಸಿಕ್ಲೋರೈಡ್ ಬಿಳಿ, ಮುತ್ತಿನ ಹೊಳಪಿನದು. ನೇಲ್ ಪಾಲಿಷಿಗೆ ಮಿರುಗು ಕೊಡಲು ಬಳಸುತ್ತಾರೆ. ಆಕ್ಸಿಬ್ರೋಮೈಡ್ ತೆಳು ಹಳದಿ. ಆಕ್ಸಿಅಯೋಡೈಡ್ ಇಟ್ಟಿಗೆ ಕೆಂಪು. ಬಿಸ್ಮತ್ ನೈಟ್ರೇಟಿನ ದ್ರಾವಣಕ್ಕೆ ಪೊಟ್ಯಾಷಿಯಂ ಬ್ರೋಮೈಡ್ ಮತ್ತು ಅಯೋಡೈಡುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿದರೆ ಹಳದಿಯಿಂದ ಕೆಂಪಿನವರೆಗೆ ಸಾಲು ಸಾಲು ಪುಡಿಗಳು ತಳಕ್ಕೆ ಕೂರುತ್ತವೆ. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ, ಮೇಷ್ಟ್ರ ಕಣ್ಗಾವಲಿನಲ್ಲಿ, ಒಂದು ಮಧ್ಯಾಹ್ನದ ಕೆಲಸ.

ಮುಂದಿನ ಹೆಜ್ಜೆಯಲ್ಲೇ ಬಹಳ ವಿದ್ಯಾರ್ಥಿ ಪ್ರಾಜೆಕ್ಟುಗಳು ಜಾರುವುದು. ಬಣ್ಣದ ನೀರಿಗೆ ಈ ಪುಡಿ ಹಾಕಿ ಬಿಸಿಲಲ್ಲಿಟ್ಟು, ಬಣ್ಣ ಮಾಸಿತು, ಆದ್ದರಿಂದ ಪುಡಿ ಬೆಳಕಿನಿಂದ ಕೆಲಸ ಮಾಡಿತು ಎಂದು ಬರೆದುಬಿಡುತ್ತಾರೆ. ರೋಡಮೈನ್ ಬಿ ಎಂಬ ಗುಲಾಬಿ ಬಣ್ಣ ತಾನೇ ಬೆಳಕು ಹೀರಿ ಎಲೆಕ್ಟ್ರಾನನ್ನು ಪುಡಿಗೆ ದಾಟಿಸಿ ತಾನೇ ಒಡೆಯಬಲ್ಲದು. ಪುಡಿ ಬಣ್ಣವನ್ನು ಬರೀ ಮೈಗೆ ಅಂಟಿಸಿಕೊಂಡರೂ ನೀರು ತಿಳಿಯಾಗುತ್ತದೆ. ಪುಡಿಯಿಲ್ಲದೆ ಬಿಸಿಲಲ್ಲಿ ಒಂದು ಲೋಟ, ಪುಡಿಯಿದ್ದು ಕತ್ತಲಲ್ಲಿ ಒಂದು ಲೋಟ, ಬಣ್ಣದ ಬದಲು ಬಣ್ಣವಿಲ್ಲದ ಫೀನಾಲಿನಂಥದ್ದನ್ನು ಹಾಕಿದ ಇನ್ನೊಂದು ಲೋಟ, ಈ ಮೂರನ್ನೂ ಪಕ್ಕದಲ್ಲಿಟ್ಟ ಪ್ರಾಜೆಕ್ಟನ್ನು ಮಾತ್ರ ನಂಬಬೇಕು.